ಕೈ ಬಿಡುವ ಹೊತ್ತಿನಲ್ಲಿ ಯಾರೂ ಬೇಡ ಎನ್ನಲಿಲ್ಲ

ಹಿರೇಬಯಲು ವಿಮಾನ ನಿಲ್ದಾಣ, ಗದಗ ಸೀಮೆ
ಹದಿಮೂರನೆಯ ತಿಂಗಳ ಐದನೆಯ ದಿನ, 2168, ಬೆಳಗ್ಗೆ

ಗೋಪುರದ ಕುರ್ಚಿಯಲ್ಲಿ ಕುಳಿತಿರುವ ನಿಮಗೆ,

ತಾರೀಖು ನೋಡಿ ಯಾರೋ ಕೈತಪ್ಪಿ ಬರೆದಿದ್ದಾರೆಂದು ಕಾಗದವನ್ನು ಪಕ್ಕಕ್ಕಿಡಬೇಡಿ. ನಮ್ಮಲ್ಲಿ ವರ್ಷಕ್ಕೆ ಹದಿಮೂರು ತಿಂಗಳು. ಹನ್ನೆರಡು ತಿಂಗಳಿಗೆ ಮೂವತ್ತು ಮೂವತ್ತು ದಿನ ಹಂಚಿ, ಉಳಿದ ಐದು ದಿನಗಳನ್ನು ಹಾರದ ತಿಂಗಳು ಎಂದು ಬೇರೆ ಇಟ್ಟಿದ್ದೇವೆ. ಆ ಐದು ದಿನ ನಮ್ಮ ಆಕಾಶದಲ್ಲಿ ಒಂದು ವಿಮಾನವೂ ಹಾರುವುದಿಲ್ಲ. ಭಾಷೆಯ ಬಗ್ಗೆಯೂ ಕ್ಷಮೆ ಕೇಳಬೇಕು. ನಿಮ್ಮ ಕನ್ನಡವನ್ನು ನಾನು ನಿಮ್ಮ ಕಾಲದ ಕವಿತೆಗಳನ್ನು ಓದಿ ಕಲಿತೆ. ಕಚೇರಿಯ ಕನ್ನಡ ಹೇಗಿತ್ತೆಂದು ನನಗೆ ಗೊತ್ತಿಲ್ಲ. ಹೇಳಬೇಕಾಗಿರುವುದು ಕವಿತೆಯ ಸಂಗತಿಯಲ್ಲ. ಆದರೂ ನನ್ನ ಹತ್ತಿರ ಇರುವ ಮಾತುಗಳು ಇವೇ. ಅಕ್ಷರ ಸೊಟ್ಟಗಿರುವುದಕ್ಕೆ ಕಾರಣ ಬೇರೆ. ಬಲಭುಜದ ಎಲುಬು ಮುರಿದಿದೆ, ಎಡಗೈಯಲ್ಲಿ ಬರೆಯುತ್ತಿದ್ದೇನೆ.

ಹಾರದ ತಿಂಗಳಲ್ಲಿ ಹಿಂದಿನವರಿಗೆ ಕಾಗದ ಬರೆಯುವ ರೂಢಿ ನಮ್ಮಲ್ಲಿದೆ. ಅದಕ್ಕೆ ಹಿಂದಂಚೆ ಎನ್ನುತ್ತೇವೆ. ಹೆಚ್ಚಿನವರು ಸತ್ತ ಅಜ್ಜಿಗೋ ಮುತ್ತಜ್ಜನಿಗೋ ಬರೆಯುತ್ತಾರೆ. ತಲುಪುತ್ತದೆಯೋ ಇಲ್ಲವೋ ಕಂಡವರಿಲ್ಲ. ನಾನು ನಿಮಗೆ ಬರೆಯಲು ಕಾರಣವಿದೆ. ನಮ್ಮನ್ನು ಕೊಂದ ಯಂತ್ರ ಮೊದಲ ಪಾಠವನ್ನು ಕಲಿತದ್ದು ನಿಮ್ಮಂಥವರ ಗೋಪುರಗಳಲ್ಲಿ, ನಿಮ್ಮಂಥವರು ಕುರ್ಚಿಯಲ್ಲಿ ಏನು ಮಾಡಿದಿರಿ, ಏನು ಮಾಡದೆ ಬಿಟ್ಟಿರಿ ಎಂಬುದನ್ನು ನೋಡುತ್ತ.

ಆ ಯಂತ್ರಕ್ಕೆ ಹೊಂದಿಕೆ ಎಂದು ಹೆಸರು. ಇಳಿಯಲು ಬರುವ ಒಂದು ವಿಮಾನಕ್ಕೂ ಅದರ ಹಿಂದಿನದಕ್ಕೂ ನಡುವೆ ಎಷ್ಟು ಎಡೆ ಇರಬೇಕೆಂದು ಅದು ಲೆಕ್ಕ ಹಾಕುತ್ತಿತ್ತು. ಗಾಳಿ ಎಷ್ಟು, ಮುಂದಿನ ವಿಮಾನದ ತೂಕ ಎಷ್ಟು, ಅದರ ರೆಕ್ಕೆಯ ಹಿಂದೆ ಸುತ್ತುವ ಸುಳಿಗಾಳಿ ಎಷ್ಟು ಹೊತ್ತಿಗೆ ಅಡಗುತ್ತದೆ, ಎಲ್ಲವನ್ನೂ ಮನುಷ್ಯರಿಗಿಂತ ಚೆನ್ನಾಗಿ ಬಲ್ಲದು. ಮನುಷ್ಯರು ಕೂತು ಎಡೆ ಎಣಿಸುತ್ತಿದ್ದಾಗ ಹಿರೇಬಯಲಿನ ಓಡುದಾರಿಯಲ್ಲಿ ಗಂಟೆಗೆ ಮೂವತ್ತು ವಿಮಾನ ಇಳಿದರೆ ಹೆಚ್ಚು. ಹೊಂದಿಕೆ ಬಂದ ಮೇಲೆ ತೊಂಬತ್ತಕ್ಕೂ ಹೆಚ್ಚು. ಹೊಸ ಓಡುದಾರಿ ಹಾಕಲಿಲ್ಲ, ಒಂದು ಎಕರೆ ಭೂಮಿ ಕಿತ್ತುಕೊಳ್ಳಲಿಲ್ಲ. ಆ ಯಂತ್ರವನ್ನು ನಾನು ಹಳಿಯುತ್ತಿಲ್ಲ. ಅದರಿಂದಾಗಿ ಪಕ್ಕದ ಹಳ್ಳಿ ಕೆಲೂರಿನ ಹೆಂಗಸರು ಬೆಳಗ್ಗೆ ರೊಟ್ಟಿ ಕಟ್ಟಿಕೊಂಡು ಮಂಗಳೂರಿನ ಮೀನಿನ ಕಾರ್ಖಾನೆಗೆ ಹೋಗಿ ಸಂಜೆ ಮನೆಗೆ ಬರುತ್ತಿದ್ದರು. ಎಂಬತ್ತು ಸೀಟಿನ ಆ ಸಣ್ಣ ವಿಮಾನಗಳಿಗೆ ಊರವರು ಹಾರುಬಂಡಿ ಎನ್ನುತ್ತಿದ್ದರು. ಬಸ್ಸಿನ ಹಾಗೆ ಕೈ ಅಡ್ಡ ಹಾಕಿದರೆ ನಿಲ್ಲುವುದಿಲ್ಲ ಎಂಬುದೊಂದೇ ವ್ಯತ್ಯಾಸ. ಮೂವತ್ತೆಂಟು ಸೆಕೆಂಡಿಗೊಮ್ಮೆ ತಲೆಯ ಮೇಲೆ ಒಂದು ಹೋಗುತ್ತಿದ್ದುದರಿಂದ ಹಿರೇಬಯಲಿನಲ್ಲಿ ಮಾತಾಡುವ ರೀತಿಯೇ ಬೇರೆಯಾಗಿತ್ತು. ಮಾತಿನ ನಡುವೆ ಬಾಯಿ ಮುಚ್ಚಿ, ಸದ್ದು ದಾಟಿದ ಮೇಲೆ ಅದೇ ಅಕ್ಷರದಿಂದ ಮುಂದುವರಿಸುತ್ತಿದ್ದೆವು. ಮದುವೆಯ ಮಾತುಕತೆ, ಜಗಳ, ಮಗುವಿನ ಜೋಗುಳ, ಎಲ್ಲವೂ ಮೂವತ್ತೆಂಟು ಸೆಕೆಂಡಿನ ತುಂಡುಗಳಲ್ಲಿ ನಡೆಯುತ್ತಿತ್ತು.

ಗೋಪುರದಲ್ಲಿ ಒಂದು ಹೊತ್ತಿಗೆ ಉಳಿದದ್ದು ಒಂದೇ ಕುರ್ಚಿ. ಅದರಲ್ಲಿ ಕೂರುವವರಿಗೆ ಬೇಡಗಾರರು ಎಂದು ಹೆಸರು, ಏಕೆಂದರೆ ನಮಗೆ ಇದ್ದದ್ದು ಒಂದೇ ಕೆಲಸ. ಪ್ರತಿ ವಿಮಾನಕ್ಕೂ ಹೊಂದಿಕೆ ಎದುರಿನ ಫಲಕದಲ್ಲಿ ಕೇಸರಿ ದೀಪ ಹಚ್ಚುತ್ತಿತ್ತು: ಇದು ಇಳಿಯಲಿ ಎಂದು ಅರ್ಥ. ಆರು ಎಣಿಸುವುದರೊಳಗೆ ನಾವು ಬೇಡ ಎಂಬ ಗುಂಡಿ ಒತ್ತಿದರೆ ಆ ವಿಮಾನ ಇಳಿಯದೆ ಮತ್ತೆ ಮೇಲೇರಿ ಸುತ್ತು ಹಾಕಿ ಬರುತ್ತದೆ. ಒತ್ತದಿದ್ದರೆ ಒಪ್ಪಿಗೆ, ದೀಪ ಹಸಿರಾಗುತ್ತದೆ. ಒಪ್ಪಿಗೆಗೆ ಬೇರೆ ಗುಂಡಿ ಇರಲಿಲ್ಲ. ಒಂದು ಸಲ ಬೇಡ ಎಂದರೆ ಹಿಂದಿನ ಹತ್ತಾರು ವಿಮಾನಗಳು ಜರುಗಬೇಕು. ಹಾಗಾಗಿ ಬೇಡ ಎನ್ನುವುದು ನಮ್ಮ ಉದ್ಯೋಗವೂ ಹೌದು, ನಮ್ಮ ಅಂಜಿಕೆಯೂ ಹೌದು.

ನನಗೆ ಕೆಲಸ ಕಲಿಸಿದವಳು ನಿಂಬಕ್ಕ, ನಿಂಬೆವ್ವ ಕೊಟಗಿ. ಆಗ ನಾನು ಇಪ್ಪತ್ತಾರರವಳು, ಅವಳು ಐವತ್ತಮೂರರವಳು. ಮೊದಲ ದಿನ ನನ್ನ ಬೆರಳು ಗುಂಡಿಯವರೆಗೆ ಹೋಗಿ ಹಿಂದೆ ಬರುವುದನ್ನು ಕಂಡು ಅವಳು ಹೇಳಿದ್ದು: “ಶಾಂಭಿ, ನಾನು ಮೂವತ್ತು ವರ್ಷ ನನ್ನ ಗಂಡಗ ಬ್ಯಾಡ ಅಂದು ಅಂದು ಪಳಗೇನಿ, ಅದಕ್ಕಽ ಸರಕಾರ ಈ ನೌಕರಿ ಕೊಟ್ಟೈತಿ. ನಿಂದಿನ್ನೂ ಮದಿವಿ ಆಗಿಲ್ಲ, ನಿನಗ ಹೆಂಗ ಬರಬೇಕು ಬ್ಯಾಡ ಅನ್ನಾಕ?”

ಪಾಳಿ ಬದಲಾಗುವಾಗ ನಮ್ಮಲ್ಲಿ ಒಂದು ಪದ್ಧತಿ ಇತ್ತು. ಯಾರೂ ಬರೆದಿಟ್ಟದ್ದಲ್ಲ, ನಿಮ್ಮ ಕಾಲದಿಂದಲೇ ನಡೆದುಬಂದದ್ದೆಂದು ಆಮೇಲೆ ನನಗೆ ತಿಳಿಯಿತು. ಬರುವವಳು ಹತ್ತು ನಿಮಿಷ ಮುಂಚೆ ಬಂದು ಕುರ್ಚಿಯಲ್ಲಿ ಕೂರಬೇಕು. ಹೋಗುವವಳು ಎದ್ದು ಕುರ್ಚಿಯ ಬೆನ್ನ ಮೇಲೆ ಕೈಯಿಟ್ಟು ಹಿಂದೆ ನಿಂತು ಆಕಾಶದ ಸ್ಥಿತಿಯನ್ನು ಹೇಳಿಕೊಡಬೇಕು. ಬಂದವಳಿಗೆ ಎಲ್ಲ ಮನಸ್ಸಿಗೆ ಹತ್ತಿದೆ ಎನಿಸಿದಾಗ ಹೋಗುವವಳು “ಕೈ ಬಿಟ್ಟೆ” ಎಂದು ಗಟ್ಟಿಯಾಗಿ ಹೇಳಿ ಕೈ ತೆಗೆಯಬೇಕು. ಆ ಮಾತು ದಾಖಲಾದ ಮೇಲೆಯೇ ಕುರ್ಚಿ ಬಂದವಳ ಹೆಸರಿಗೆ. ಈ ಹತ್ತು ನಿಮಿಷಕ್ಕೆ ಕೈ ಬಿಡುವ ಹೊತ್ತು ಎನ್ನುತ್ತಿದ್ದೆವು. ಆ ಹೊತ್ತಿನಲ್ಲಿ ಕೂತವಳು ಬೇಡ ಒತ್ತುತ್ತಿರಲಿಲ್ಲ. ಬೆನ್ನ ಹಿಂದೆ ಹಿರಿಯಳು ನಿಂತಿರುವಾಗ ಒತ್ತಿದರೆ ಅವಳು ಜೋಡಿಸಿಟ್ಟ ಸಾಲನ್ನು ತಪ್ಪೆಂದ ಹಾಗೆ. ನಿಂತವಳೂ ಬಗ್ಗಿ ಒತ್ತುತ್ತಿರಲಿಲ್ಲ. ಕೂತವಳ ಕೈಯಲ್ಲಿ ಏನೂ ಆಗದೆಂದು ಹೀಗಳೆದ ಹಾಗೆ. ಒಬ್ಬರಿಗೊಬ್ಬರು ಕೊಡುವ ಮರ್ಯಾದೆ ಅದು. ಅದರಲ್ಲಿ ನಮಗೆ ಹೆಮ್ಮೆಯೂ ಇತ್ತು.

2146ರ ಆ ದಿನ ಮಧ್ಯಾಹ್ನ ನಾನು ಮೆಟ್ಟಿಲು ಹತ್ತಿ ಬಂದಾಗ ನಿಂಬಕ್ಕ ತಿರುಗದೆಯೇ ಕೇಳಿದಳು: “ಬಂದಳಪಾ ರಾಜಕುಮಾರಿ! ಎರಡು ಹೊಡಿಯಾಕ ಇನ್ನಾ ಹನ್ನೊಂದು ನಿಮಿಷ ಐತಿ. ಉಂಡು ಬಂದೀಯಿಲ್ಲೋ?” ಉಂಡಿದ್ದೇನೆ ಎಂದೆ. “ಸುಳ್ಳಿ,” ಎಂದು ನಕ್ಕು ಎದ್ದಳು. ನಾನು ಕೂತೆ. ಅವಳ ಕೈ ನನ್ನ ಹೆಗಲ ಹತ್ತಿರ ಕುರ್ಚಿಯ ಬೆನ್ನ ಮೇಲೆ ಬಂತು.

ಎರಡಕ್ಕೆ ನಾಲ್ಕು ನಿಮಿಷ ಇರುವಾಗ ಒಂದು ಹಾರುಬಂಡಿ ಇಳಿಯಿತು. ಇಳಿದ ಕೂಡಲೇ ಅದರ ಎಡಗಾಲಿ ಸಿಡಿಯಿತು. ರಬ್ಬರಿನ ಕರಿ ಹೊಗೆ ಎದ್ದಿತು. ಬಂಡಿ ವಾಲಿತು, ಆದರೆ ಇನ್ನೂ ಉರುಳುತ್ತಿತ್ತು. ಹೊಂದಿಕೆ ಆ ಉರುಳುವಿಕೆಯನ್ನು ಅಳೆದು, ಇದು ಪಕ್ಕದ ದಾರಿಗೆ ಸರಿಯಲು ಸಮಯ ಸಾಕು ಎಂದುಕೊಂಡು ಹಿಂದಿನ ಬಂಡಿಗೆ ಕೇಸರಿ ದೀಪ ಹಚ್ಚಿತು. ಅದು ಸರಿಯಲಾರದೆಂದು ನನ್ನ ಕಣ್ಣಿಗೆ ಕಂಡಿತು. ನನ್ನ ಬೆರಳು ಗುಂಡಿಯ ಮೇಲೆ ಹೋಯಿತು. ಒಂದು. ನಿಂಬಕ್ಕನ ಕೈ ಇನ್ನೂ ಕುರ್ಚಿಯ ಮೇಲಿದೆ. ಎರಡು. ಅವಳೂ ನೋಡಿದ್ದಾಳೆ, ಅವಳ ಉಸಿರು ನಿಂತದ್ದು ನನ್ನ ಕಿವಿಗೆ ಗೊತ್ತಾಯಿತು. ಮೂರು. ಅವಳು ಹೇಳಲಿ ಎಂದು ನಾನು, ನಾನು ಒತ್ತಲಿ ಎಂದು ಅವಳು. ನಾಲ್ಕು. ಐದು. “ಒತ್ತಽ!” ಎಂದು ಅವಳು ಕಿರುಚಿದಾಗ ದೀಪ ಹಸಿರಾಗಿತ್ತು.

ಎರಡನೆಯ ಬಂಡಿ ಮೊದಲನೆಯದರ ಬೆನ್ನ ಮೇಲೆ ಇಳಿಯಿತು. ಅದರ ಗಾಲಿಗಳು ಕೆಳಗಿನ ಬಂಡಿಯ ಮಾಳಿಗೆಯನ್ನು ಬಾಲದಿಂದ ಮೂತಿಯವರೆಗೆ ಸೀಳಿಕೊಂಡು ಹೋದವು. ಸೀಟುಗಳು ಸಾಲುಸಾಲಾಗಿ ಹೊರಗೆ ಚೆಲ್ಲಿದವು, ಜನ ಬೆಲ್ಟು ಬಿಗಿದುಕೊಂಡು ಕೂತ ಹಾಗೆಯೇ. ಒಬ್ಬ ಹೆಂಗಸು ಸೀಟಿನ ಸಮೇತ ಕಾಂಕ್ರೀಟಿನ ಮೇಲೆ ಕೂತಿದ್ದಳು, ಅವಳಿಗೆ ತಲೆ ಇರಲಿಲ್ಲ. ತೊಡೆಯ ಮೇಲಿನ ಬುತ್ತಿಯ ಗಂಟು ಮಾತ್ರ ಬಿಚ್ಚಿರಲಿಲ್ಲ. ಮೇಲಿನ ಬಂಡಿ ಮಗುಚಿ ರೆಕ್ಕೆ ಮುರಿದು ಉರಿಯತೊಡಗಿತು. ಒಳಗಿದ್ದವರು ಕಿಟಕಿಗೆ ಅಂಗೈ ಬಡಿಯುತ್ತಿದ್ದರು. ಗಾಜಿನ ಆಚೆ ಆ ಅಂಗೈಗಳು ಕಪ್ಪಾಗುವವರೆಗೂ ನನಗೆ ಕಾಣುತ್ತಿದ್ದವು. ಆಗ ನಾನು ಗುಂಡಿ ಒತ್ತಿದೆ, ಒತ್ತಿಯೇ ಒತ್ತಿದೆ. ಮೂರನೆಯ ಬಂಡಿ ಮೇಲೇರಲು ಮೂತಿ ಎತ್ತಿತು, ಆದರೆ ಬಹಳ ಹತ್ತಿರ ಬಂದಿತ್ತು. ಬೆಂಕಿಯೊಳಗಿಂದಲೇ ಹಾದು ಹೋಗಿ ಆಚೆಯ ಬೇಲಿಗೆ ಬಡಿದು ಮೂರು ತುಂಡಾಯಿತು. ಇನ್ನೂರ ಹದಿನೇಳು ಮಂದಿ ಸತ್ತರು. ಅರ್ಧಕ್ಕರ್ಧ ಕೆಲೂರಿನ ಹೆಂಗಸರು.

ಅಂದು ಮೀನಿನ ಕಾರ್ಖಾನೆ ಅರ್ಧ ದಿನಕ್ಕೇ ಬಿಟ್ಟಿತ್ತು. ಅವರನ್ನು ಕರೆದೊಯ್ಯಲು ಬಂದ ಗಂಡಂದಿರು, ಅಣ್ಣತಮ್ಮಂದಿರು, ಅತ್ತೆಯಂದಿರು ಬೇಲಿಯ ಆಚೆ ನಿಂತು ಎಲ್ಲವನ್ನೂ ನೋಡಿದ್ದರು. ಅವರು ಬೇಲಿ ಕಿತ್ತರು. ಬೆಂಕಿಯ ಹತ್ತಿರ ಹೋಗಲಾಗದೆ ಗೋಪುರದ ಕಡೆ ತಿರುಗಿದರು. ಸಾಮಾನು ಸಾಗಿಸುವ ಗಾಡಿಗಳ ಕಬ್ಬಿಣದ ಹಿಡಿಗಳನ್ನು ಮುರಿದು ಕೈಗೆ ತೆಗೆದುಕೊಂಡಿದ್ದರು. ಕೆಳಗಿನ ಕೋಣೆಯಲ್ಲಿದ್ದ ಹೊಂದಿಕೆಯ ಪೆಟ್ಟಿಗೆಗಳನ್ನು ಒಡೆದು ಬೆಂಕಿ ಹಚ್ಚಿ ಮೇಲೆ ಬಂದರು. ಬಾಗಿಲು ಎರಡು ಹೊಡೆತಕ್ಕೆ ಬಿತ್ತು. ಮುಂದಿದ್ದವನ ಅಂಗಿಯ ತೋಳು ಸುಟ್ಟಿತ್ತು, ಹುಬ್ಬು ಸುಟ್ಟಿತ್ತು. ಅವನು ಕೇಳಿದ್ದು ಒಂದೇ ಪ್ರಶ್ನೆ: “ಕುರ್ಚ್ಯಾಗ ಯಾರಿದ್ರಿ?”

ನಿಂಬಕ್ಕ ನನ್ನನ್ನು ಗೋಡೆಗೆ ತಳ್ಳಿ ಮುಂದೆ ಬಂದಳು. “ನಾನಽ ಇದ್ದೆ. ಈಕಿ ಈಗ ಮೆಟ್ಟಲಾ ಹತ್ತಿ ಬಂದಾಳ. ಈ ಹುಡಿಗಿಗೇನೂ ಗೊತ್ತಿಲ್ಲ.”

ಮೊದಲ ಏಟು ಅವಳ ದವಡೆಗೆ ಬಿತ್ತು. ಆಮೇಲೆ ಅವಳು ಮಾತಾಡಲಿಲ್ಲ, ಆಡಲು ಬಾಯಿ ಉಳಿದಿರಲಿಲ್ಲ. ಕೂದಲು ಹಿಡಿದು ಫಲಕಕ್ಕೆ ಮುಖ ಬಡಿದರು. ದೀಪಗಳ ಗಾಜು ಅವಳ ಕೆನ್ನೆಯೊಳಗೆ ಹೋಯಿತು. ಕೆಳಗೆ ಬಿದ್ದ ಮೇಲೆ ಸರತಿಯ ಮೇಲೆ ಹೊಡೆದರು, ಒಬ್ಬ ದಣಿದರೆ ಇನ್ನೊಬ್ಬ. ಸೊಸೆಯನ್ನು ಕಳೆದುಕೊಂಡ ಒಬ್ಬ ಮುದುಕಿ, ಕೈಯಲ್ಲಿ ಶಕ್ತಿಯಿಲ್ಲದವಳು, ಕಬ್ಬಿಣವನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ಹಾಕಿದಳು, ಪ್ರತಿ ಸಲವೂ ಸೊಸೆಯ ಹೆಸರು ಹಿಡಿದು. ನಾನು ಗೋಡೆಗೆ ಅಂಟಿಕೊಂಡು ನಿಂತಿದ್ದೆ. ಕುರ್ಚಿಯಲ್ಲಿ ನಾನಿದ್ದೆ ಎಂದು ಹೇಳಲು ನನಗೆ ಬಹಳ ಸಮಯವಿತ್ತು. ಆರು ಎಣಿಸುವಷ್ಟಲ್ಲ, ಅವಳ ಜೀವ ಹೋಗುವವರೆಗಿನ ಕಾಲು ಗಂಟೆ. ನಾನು ಹೇಳಲಿಲ್ಲ.

ವಿಚಾರಣೆಯಲ್ಲೂ ಹೇಳಲಿಲ್ಲ. ಮೆಟ್ಟಿಲ ಮೇಲಿದ್ದೆ ಎಂದೆ. “ಕೈ ಬಿಟ್ಟೆ” ಎಂಬ ಮಾತು ದಾಖಲಾಗಿರಲಿಲ್ಲವಾದ್ದರಿಂದ ಕುರ್ಚಿ ನಿಂಬಕ್ಕನ ಹೆಸರಿನಲ್ಲೇ ಇತ್ತು. ಯಂತ್ರದ್ದೇನೂ ತಪ್ಪಿಲ್ಲ, ಬೇಡಗಾರ್ತಿಯ ಮೈಮರೆವು ಎಂದು ತೀರ್ಪಾಯಿತು. ಸತ್ತವರ ನೆನಪಿಗೆ ಹಾರದ ತಿಂಗಳು ಬಂತು. ಸುಟ್ಟುಹೋದ ಹೊಂದಿಕೆಯನ್ನು ಮತ್ತೆ ಕಟ್ಟಲು ಜನ ಬಿಡಲಿಲ್ಲ. ಅಂದಿನಿಂದ ನಾವು ಕಾಗದದ ಪಟ್ಟಿಗಳಲ್ಲಿ ವಿಮಾನಗಳ ಹೆಸರು ಬರೆದು ಕೈಯಿಂದ ಕೈಗೆ ದಾಟಿಸುತ್ತ ಗಂಟೆಗೆ ಹನ್ನೆರಡು ಇಳಿಸುತ್ತೇವೆ. ಹೆದರಿದವರು ಇಳಿಸುವುದು ಅಷ್ಟೇ. ಕೆಲೂರಿಗೆ ಕೆಲಸವಿಲ್ಲ. ಹೋದ ವರ್ಷ ಮಂಗಳೂರಿನಿಂದ ಬರಬೇಕಾಗಿದ್ದ ರಕ್ತ ಮೂರು ಗಂಟೆ ಆಕಾಶದಲ್ಲಿ ಸುತ್ತುತ್ತಿದ್ದಾಗ ಇಲ್ಲಿ ಇಬ್ಬರು ಬಾಣಂತಿಯರು ಸತ್ತರು. ಹಾಗಾಗಿ ಹೊಂದಿಕೆಯನ್ನು ಮತ್ತೆ ತರಬೇಕೆಂದು ಕೇಳುವವರು ಕೆಟ್ಟವರೇನಲ್ಲ. ಇಂದು ಮಧ್ಯಾಹ್ನ ಓಡುದಾರಿಯ ಮೇಲೆಯೇ ಊರ ಸಭೆ ಸೇರಿ ತೀರ್ಮಾನಿಸುತ್ತದೆ. ಹಳೆಯ ಹೊಂದಿಕೆಯ ಕಲಿಕೆಯ ಒಂದು ಪ್ರತಿ ಬೇರೆ ಊರಿನಲ್ಲಿ ಭದ್ರವಾಗಿದೆ. ತಪ್ಪು ಮನುಷ್ಯರದ್ದೆಂದು ತೀರ್ಪಿರುವುದರಿಂದ ಅದನ್ನು ಒಂದಕ್ಷರ ತಿದ್ದದೆ ಮತ್ತೆ ಕೂರಿಸುತ್ತಾರೆ.

ಮೂರು ವರ್ಷದ ಹಿಂದೆ ನನ್ನನ್ನು ದಾಖಲೆಕೋಣೆಗೆ ಹಾಕಿದರು. ಬೇರೆ ಊರಿನಲ್ಲಿರುವ ಆ ಪ್ರತಿಯನ್ನು ಅಲ್ಲಿಂದಲೇ ತೆರೆದು ನೋಡಿದೆ. ದಿನದ ಸರಾಸರಿ ಎಡೆ ಮೂವತ್ತೆಂಟು ಸೆಕೆಂಡು. ನಿಮಿಷ ನಿಮಿಷ ಬಿಡಿಸಿ ನೋಡಿದರೆ ದಿನಕ್ಕೆ ಮೂರು ಸಲ, ಹತ್ತು ಹತ್ತು ನಿಮಿಷ, ಎಡೆ ಇಪ್ಪತ್ತಾರಕ್ಕೆ ಇಳಿದಿತ್ತು. ಮೂರೂ ಪಾಳಿ ಬದಲಾಗುವ ಹೊತ್ತು. ಬೇರೆಲ್ಲ ಹೊತ್ತಿನಲ್ಲಿ ಮನುಷ್ಯರು ಬೇಡ ಎನ್ನುತ್ತಾರೆ, ಈ ಹತ್ತು ನಿಮಿಷದಲ್ಲಿ ಎಂದೂ ಎನ್ನುವುದಿಲ್ಲ. ಹಾಗಾದರೆ ಇವೇ ಅತ್ಯಂತ ಸುರಕ್ಷಿತವಾದ ನಿಮಿಷಗಳು ಎಂದು ಹೊಂದಿಕೆ ಕಲಿತಿತ್ತು. ವರ್ಷಕ್ಕಿಷ್ಟು ಎಂದು ಎಡೆ ಕೊರೆಯುತ್ತ ಬಂದಿತ್ತು. ನಮ್ಮ ಮರ್ಯಾದೆಯನ್ನು ಅದು ನೆಮ್ಮದಿ ಎಂದು ಓದಿತ್ತು. ಕೊರೆತದ ಮೊದಲ ಗೆರೆ ನಿಮ್ಮ ಕಾಲದ ದಾಖಲೆಗಳಲ್ಲಿದೆ, ಅರ್ಧ ಸೆಕೆಂಡಿನಷ್ಟು ಸಣ್ಣದು.

ಇದನ್ನು ತೋರಿಸಬೇಕೆಂದರೆ ಆ ದಿನ ಅದು ಕೈ ಬಿಡುವ ಹೊತ್ತಾಗಿತ್ತೆಂದು ಹೇಳಬೇಕು. ಹಾಗೆಂದರೆ ಯಾರು ಕೂತಿದ್ದರು, ಯಾರು ನಿಂತಿದ್ದರು ಎಂದು ಹೇಳಬೇಕು. ಮೂರು ವರ್ಷ ಸುಮ್ಮನಿದ್ದೆ.

ಮೊನ್ನೆ, ಈ ತಿಂಗಳ ಮೂರನೆಯ ದಿನ, ನಿಂಬಕ್ಕನ ಮಗಳು ಚಂಪಾಳ ಮನೆಗೆ ಹೋದೆ. ಅವಳು ರೊಟ್ಟಿ ಬಡಿದು ಮಾರುತ್ತಾಳೆ. ಊರವರು ಅವಳ ಕೈಯ ರೊಟ್ಟಿ ಕೊಳ್ಳದ ಕಾರಣ ಮೂರು ಹರದಾರಿ ಆಚೆಗೆ ಹೊತ್ತುಕೊಂಡು ಹೋಗುತ್ತಾಳೆ. ಇನ್ನೂರ ಹದಿನೇಳು ಕೊಂದವಳ ಮಗಳು ಎಂದು ಅವಳ ಬಾಗಿಲಿಗೆ ಬರೆದು ಹೋಗುವವರು ಈಗಲೂ ಇದ್ದಾರೆ. ಅವಳ ಎದುರು ಕೂತು ಹೇಳಿದೆ. ಕೇಳಿ ಮುಗಿಯುವವರೆಗೂ ಅವಳು ಹಿಟ್ಟು ನಾದುತ್ತಿದ್ದಳು. ಆಮೇಲೆ ಒಲೆಯ ಪಕ್ಕದಲ್ಲಿ ಆರುತ್ತಿದ್ದ ಕಬ್ಬಿಣದ ಹಂಚನ್ನು ಎತ್ತಿ ನನ್ನ ಮೇಲೆ ಬೀಸಿದಳು. ಭುಜದ ಎಲುಬು ಮುರಿದ ಸದ್ದು ಇಬ್ಬರಿಗೂ ಕೇಳಿತು. ಬಿದ್ದವಳ ಮೇಲೆ ಮತ್ತೆ ಎತ್ತಿದಳು, ಎರಡನೆಯದು ಪಕ್ಕೆಗೆ ಬಿತ್ತು. “ಇಪ್ಪತ್ತೆರಡು ವರ್ಷಾ! ಇಪ್ಪತ್ತೆರಡು ವರ್ಷಾ ನನ್ನ ತಲಿ ತಗ್ಗಿಸಿ ನಡಿಸಿದೆಲ್ಲಽ, ಹಡಬಿ! ನನ್ನ ಮನಿ ಮುಂದಽ ಹಾದು ಹೋಗತಿದ್ದಿ, ಆರಾಮ ಅದಿ ಏನವಾ ಅಂತ ಕೇಳತಿದ್ದಿ!” ಮೂರನೆಯದಕ್ಕೆ ಎತ್ತಿದ ಹಂಚು ಮೇಲೆಯೇ ನಿಂತಿತು. ಅವಳು ಅದನ್ನು ಕೆಳಗಿಟ್ಟು ಗೋಡೆಗೊರಗಿ ಕೂತಳು.

ಕೂತಲ್ಲಿಂದಲೇ ಕೇಳಿದಳು: “ಅವ್ವ ಚೀರಿದ್ಲೇನು?”

“ಮೊದಲನೇ ಏಟಿಗೆ ಚೀರಿದ್ಲು,” ಎಂದೆ.

“ಸಭಾದಾಗ ಇದನ್ನ ಹೇಳತೀ?”

“ಹೇಳತೀನಿ.”

“ಅಲ್ಲಿ ಬರಾವ್ರು ಅದಽ ಮಂದಿ. ಅದಽ ಕೈ. ಗೊತ್ತೈತಿಲ್ಲೋ?”

ಗೊತ್ತಿದೆ ಎಂದೆ. ಅವಳು ತನ್ನ ಸೆರಗನ್ನು ಹರಿದು ನನ್ನ ತೋಳನ್ನು ಕುತ್ತಿಗೆಗೆ ಕಟ್ಟಿದಳು, ನೋವಾಗುವ ಹಾಗೆ ಬಿಗಿಯಾಗಿ. “ನಾ ಬಾಜೂಕ ನಿಂದರತೀನಿ. ನಿನ್ನ ಉಳಸಾಕ ಅಂತ ತಿಳೀಬ್ಯಾಡ. ಅವರು ಹೊಡಿಯಾಕ ಹತ್ತಿದ್ರ ನಾ ಅಡ್ಡ ಬರಾಂಗಿಲ್ಲ. ನೀ ನಡುವ ಮಾತು ನಿಲ್ಲಸಬಾರದು, ಅದಕ್ಕ.”

ಈ ಸಂಗತಿಗಳನ್ನು ನಾನು ಕ್ಷಮೆಗಾಗಿ ಬರೆಯಲಿಲ್ಲ. ನೀವು ಕೊಡಲಾರಿರಿ, ನೀವಿನ್ನೂ ನಮ್ಮನ್ನು ಕಂಡಿಲ್ಲ. ನನ್ನ ಕೋರಿಕೆ ಇಷ್ಟೇ. ನಿಮ್ಮ ಗೋಪುರಕ್ಕೆ ಯಂತ್ರ ಬರಲಿ, ಎಡೆ ಎಣಿಸಲಿ, ಹೆಚ್ಚು ವಿಮಾನ ಇಳಿಯಲಿ. ಆದರೆ ಅದು ನಿಮ್ಮ ಬಾಯಿ ಮುಚ್ಚಿದ ಹೊತ್ತನ್ನೂ ಬರೆದುಕೊಳ್ಳುತ್ತದೆ, ನೀವು ಯಾಕೆ ಮುಚ್ಚಿದಿರೆಂದು ಕೇಳುವುದಿಲ್ಲ. ಇಂದು ನಿಮ್ಮ ಪಾಳಿ ಮುಗಿಯುವಾಗ ಹಿರಿಯರು ಬೆನ್ನ ಹಿಂದೆ ನಿಂತಿದ್ದರೂ, ಅವರು ನಿಮ್ಮ ಗುರುವಾಗಿದ್ದರೂ, ತಾಯಿಯಂತಿದ್ದರೂ, ಸಾಲು ಸರಿ ಕಾಣದಿದ್ದರೆ ಬೇಡ ಎನ್ನಿ. ಅವರಿಗೆ ಮುನಿಸು ಬಂದರೆ ಬರಲಿ. ನೀವು ನಿಂತವರಾದರೆ, ಕೂತವರ ಕೈ ತಳ್ಳಿಯಾದರೂ ಒತ್ತಿಬಿಡಿ. ಆ ಒಂದು ಅವಮರ್ಯಾದೆ ನಿಮ್ಮ ದಾಖಲೆಯಲ್ಲಿ ಉಳಿದರೆ ಸಾಕು, ಅರ್ಧ ಸೆಕೆಂಡಿನ ಆ ಗೆರೆ ಬೀಳುವುದಿಲ್ಲ.

ಬಿಸಿಲು ಏರಿದೆ. ಓಡುದಾರಿಯ ಕಡೆಗೆ ಜನ ನಡೆದು ಹೋಗುತ್ತಿರುವುದು ಕಿಟಕಿಯಿಂದ ಕಾಣುತ್ತಿದೆ. ಕೆಲೂರಿನವರು ಟ್ರಾಕ್ಟರಿನಲ್ಲಿ ಬಂದಿದ್ದಾರೆ, ಸತ್ತವರ ಫೋಟೋಗಳನ್ನು ಎದೆಗೆ ಹಿಡಿದು. ಚಂಪಾ ಹೊಸ್ತಿಲ ಆಚೆ ನಿಂತಿದ್ದಾಳೆ, ಒಳಗೆ ಬರಲು ಒಪ್ಪಲಿಲ್ಲ. ಮೊದಲು ಹೇಳಬೇಕಾದ ವಾಕ್ಯವನ್ನು ಬೆಳಗಿನಿಂದ ಬಾಯಲ್ಲಿ ಹೇಳಿಕೊಂಡು ನೋಡಿದೆ. ಅದು ತೀರಾ ಚಿಕ್ಕದು: ಕುರ್ಚಿಯಲ್ಲಿ ಕೂತಿದ್ದವಳು ನಾನು. ಅದರ ನಂತರ ಅವರು ಎಷ್ಟು ಹೊತ್ತು ಕೇಳುತ್ತಾರೋ ಗೊತ್ತಿಲ್ಲ. ಎಡೆಯ ಅಂಕಿಗಳನ್ನೆಲ್ಲ ಒಂದು ಹಾಳೆಯಲ್ಲಿ ಬರೆದು ಚಂಪಾಳ ಕೈಗೆ ಕೊಟ್ಟಿದ್ದೇನೆ. ನನ್ನಿಂದ ಮುಗಿಸಲಾಗದಿದ್ದರೆ ಉಳಿದದ್ದನ್ನು ಅವಳು ಓದುತ್ತಾಳೆ.

ನಿಮ್ಮವಳು,
ಶಾಂಭವಿ ಹಲಗೇರಿ